ಕೋಚ್, ನೆಟ್, ಫೋನ್ ವಿಡಿಯೋ, ಹೊಸ ಕ್ಲಬ್: ಗಾಲ್ಫ್ ಡ್ರೈವರ್ ಹೊಡೆತ ಸುಧಾರಿಸಲು ರೊಕ್ಕ ಎಲ್ಲಿ ಹಾಕಬೇಕು?

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಗಾಲ್ಫ್ ಹಿಡಿದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಐರನ್ (ಮಧ್ಯಮ ದೂರದ ಕ್ಲಬ್, ಅಂದರೆ ಗಾಲ್ಫ್ ಕೋಲು) ಒಂದು ಹದಕ್ಕೆ ಬಂದಿದೆ, ಪಟಿಂಗ್ (ಕುಳಿಯ ಕಡೆ ಚೆಂಡು ಉರುಳಿಸುವುದು) ಪರವಾಗಿಲ್ಲ, ಆದರೆ ಡ್ರೈವರ್ (ಅತಿ ದೂರ ಹೊಡೆಯುವ ಉದ್ದನೆಯ ಕ್ಲಬ್) ಕೈಗೆ ತೆಗೆದುಕೊಂಡರೆ ಚೆಂಡು ಬಲಕ್ಕೆ ಬಾಗಿ ಎಲ್ಲಿಗೋ ಹೋಗುತ್ತದೆ. ಈಗ ಬೆಂಗಳೂರಿಗೆ ಹೋಗಿ ನಾಲ್ಕು ಪಾಠ ಹೇಳಿಸಿಕೊಳ್ಳಬೇಕೋ, ಆನ್‌ಲೈನ್ ಕೋಚಿಗೆ ವಿಡಿಯೋ ಕಳಿಸಬೇಕೋ, ತಾರಸಿ ಮೇಲೆ ನೆಟ್ ಕಟ್ಟಬೇಕೋ, ಇಲ್ಲ ಹೊಸ ಡ್ರೈವರ್ ಕೊಳ್ಳಬೇಕೋ? ನಾಲ್ಕೂ ಕೆಲಸ ಮಾಡುತ್ತವೆ. ಆದರೆ ಒಬ್ಬೊಬ್ಬರ ತಪ್ಪು, ಬಿಡುವು, ಕಿಸೆ ಬೇರೆ ಬೇರೆ. ಇಲ್ಲಿ ಬರೆದಿರುವುದೆಲ್ಲ ಬಲಗೈ ಆಟಗಾರರ ಲೆಕ್ಕದಲ್ಲಿದೆ. ಎಡಗೈಯವರು ದಿಕ್ಕು ತಿರುಗಿಸಿ ಓದಿಕೊಳ್ಳಿ.

ಯಾವುದನ್ನು ನೋಡಿ ಆರಿಸಬೇಕು

ಐದು ವಿಷಯ ನೋಡಬೇಕು. ಮಾಡಿದ ತಪ್ಪು ಎಷ್ಟು ಬೇಗ ನಿಮಗೆ ತಿಳಿಯುತ್ತದೆ. ಚೆಂಡು ಹೊರಟಲ್ಲಿಂದ ಬೀಳುವವರೆಗೆ ಕಣ್ಣಿಗೆ ಕಾಣುತ್ತದೆಯೇ. ವಾರಕ್ಕೆ ಎಷ್ಟು ಸಲ ಮಾಡಲು ಆಗುತ್ತದೆ. ಪ್ರಯಾಣ, ವಸತಿ ಸೇರಿ ಒಟ್ಟು ಎಷ್ಟು ಖರ್ಚು. ಸೊಂಟ, ಮೊಣಕೈ ತಡೆದುಕೊಳ್ಳುತ್ತವೆಯೇ.

ನಮ್ಮ ಕಡೆಯವರಿಗೆ ಈ ಐದರಲ್ಲಿ ಮೊದಲನೆಯದು ಮತ್ತು ಮೂರನೆಯದು ಹೆಚ್ಚು ತೂಗುತ್ತವೆ. ಚೆಂಡು ಹೊಡೆಯುವ ಉತ್ಸಾಹಕ್ಕೆ ಇಲ್ಲಿ ಕೊರತೆಯಿಲ್ಲ. ಹೊಡೆಯುವಾಗ ಪಕ್ಕದಲ್ಲಿ ನಿಂತು ‘ಇಲ್ಲಿ ತಪ್ಪಿತು’ ಎನ್ನುವ ಅನುಭವಿ ಕಣ್ಣಿನ ಕೊರತೆಯಿದೆ. ಹಾಗಾಗಿ ಆ ಕಣ್ಣಿಗೆ ಮೊದಲು ರೊಕ್ಕ ಕೊಡಿ, ಸಾಮಾನಿಗೆ ಆಮೇಲೆ ಕೊಡಿ. ಇನ್ನು ತಿಂಗಳಿಗೊಮ್ಮೆ ಇನ್ನೂರು ಚೆಂಡು ಹೊಡೆಯುವವರಿಗಿಂತ ವಾರಕ್ಕೆ ಮೂರು ಸಲ ನಲವತ್ತು ಚೆಂಡು ಹೊಡೆಯುವವರ ಸ್ವಿಂಗ್ (ಕ್ಲಬ್ ಬೀಸುವ ರೀತಿ) ಬೇಗ ತಿದ್ದಿಕೊಳ್ಳುತ್ತದೆ.

ಮೊದಲು ರೋಗ ಯಾವುದೆಂದು ತಿಳಿಯಿರಿ

ಒಂದು ರೂಪಾಯಿ ಖರ್ಚು ಮಾಡುವ ಮೊದಲು ಚೆಂಡು ಡ್ರೈವರಿನ ಫೇಸಿನ, ಅಂದರೆ ಚೆಂಡಿಗೆ ತಾಗುವ ಮುಖದ, ಯಾವ ಭಾಗಕ್ಕೆ ಬಡಿಯುತ್ತಿದೆ ಎಂದು ನೋಡಿ. ವೈಟ್‌ಬೋರ್ಡ್ ಮಾರ್ಕರ್‌ನಿಂದ ಡ್ರೈವರ್ ಫೇಸಿನ ತುಂಬ ಬಣ್ಣ ಬಳಿಯಿರಿ. ಚೆಂಡು ತಾಗಿದ ಕಡೆ ಬಣ್ಣ ಅಳಿಸಿ ಗುಂಡಗಿನ ಗುರುತು ಬೀಳುತ್ತದೆ. ಪ್ರತಿ ಹೊಡೆತಕ್ಕೂ ಫೋಟೋ ತೆಗೆದು, ಒರೆಸಿ, ಮತ್ತೆ ಬಳಿಯಿರಿ. ಹತ್ತು ಹೊಡೆತ ಸಾಕು. ಹತ್ತರಲ್ಲಿ ಆರೇಳು ಗುರುತು ಹೀಲ್ ಕಡೆ, ಅಂದರೆ ಶಾಫ್ಟ್ (ಕ್ಲಬ್ಬಿನ ದಂಡ) ಇರುವ ಕಡೆ ಬಿದ್ದಿದ್ದರೆ ನಿಮ್ಮ ಸ್ಲೈಸಿನ (ಚೆಂಡು ಬಲಕ್ಕೆ ಬಾಗುವುದರ) ಒಂದು ಭಾಗ ಅಲ್ಲಿಂದಲೇ ಬರುತ್ತಿದೆ. ಹೀಲಿಗೆ ತಾಗಿದಾಗ ಕ್ಲಬ್ಬಿನ ತಲೆ ತಿರುಚಿ, ಫೇಸು ಮತ್ತು ಚೆಂಡು ಹಲ್ಲುಗಾಲಿಗಳಂತೆ ಒಂದಕ್ಕೊಂದು ಎದುರು ತಿರುಗುತ್ತವೆ, ಚೆಂಡಿಗೆ ಬಲಕ್ಕೆ ಬಾಗುವ ಸುತ್ತು ಬೀಳುತ್ತದೆ. ಸ್ವಿಂಗ್ ಎಷ್ಟೇ ಚೆಂದ ಇದ್ದರೂ ಹೀಲ್ ಹೊಡೆತ ಬಲಕ್ಕೇ ಬಾಗುತ್ತದೆ. ಟೋ ಕಡೆ, ಅಂದರೆ ಫೇಸಿನ ಹೊರತುದಿಗೆ, ತಾಗಿದರೆ ಎಡಕ್ಕೆ. ಫೇಸಿನ ಕೆಳ ಅಂಚಿಗೆ ತಾಗಿದರೆ ಚೆಂಡು ತಗ್ಗಾಗಿ ಹೊರಟು, ಹಿಂಸುತ್ತು (ಬ್ಯಾಕ್‌ಸ್ಪಿನ್) ಜಾಸ್ತಿಯಾಗಿ ದೂರ ಕಡಿಮೆಯಾಗುತ್ತದೆ.

ಗುರುತುಗಳು ನಡುವೆ ಇದ್ದೂ ಚೆಂಡು ಬಾಗುತ್ತಿದ್ದರೆ ಅದರ ಹಾರಾಟವನ್ನು ಓದಬೇಕು. ಚೆಂಡು ಯಾವ ದಿಕ್ಕಿಗೆ ಹೊರಡುತ್ತದೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ತಾಗುವ ಗಳಿಗೆಯಲ್ಲಿ ಫೇಸ್ ಎತ್ತ ನೋಡುತ್ತಿತ್ತು ಎಂಬುದು. ಹೊರಟ ಮೇಲೆ ಬಾಗುವುದು ಫೇಸ್ ನೋಡುವ ದಿಕ್ಕು ಮತ್ತು ಕ್ಲಬ್ ಸಾಗುವ ಹಾದಿ ಇವೆರಡರ ನಡುವಿನ ವ್ಯತ್ಯಾಸದಿಂದ. ಎಡಕ್ಕೆ ಹೊರಟು ಬಲಕ್ಕೆ ಬಾಗಿದರೆ ಕ್ಲಬ್ ಹೊರಗಿನಿಂದ ಒಳಕ್ಕೆ ಕೊಯ್ಯುತ್ತ ಬರುತ್ತಿದೆ, ಅಂದರೆ ಹಾದಿಯ ದೋಷ. ಬಲಕ್ಕೇ ಹೊರಟು ಇನ್ನೂ ಬಲಕ್ಕೆ ಬಾಗಿದರೆ ಫೇಸ್ ತೆರೆದೇ ಇದೆ (ಬಲಕ್ಕೆ ನೋಡುತ್ತಿದೆ), ಬಹಳ ಸಲ ಗ್ರಿಪ್ಪಿನ (ಕೈ ಹಿಡಿತದ) ದೋಷ. ನೇರ ಹೊರಟು ಬಾಗಿದರೆ ಫೇಸ್ ಸರಿಯಿದೆ, ಹಾದಿ ಎಡಕ್ಕಿದೆ. ಈ ಮೂರರಲ್ಲಿ ನಿಮ್ಮದು ಯಾವುದು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಕೋಚ್ ಮುಂದೆ ಮೊದಲ ಅರ್ಧ ತಾಸು ಉಳಿಯುತ್ತದೆ.

ಆಮೇಲೆ ನಿಲುವನ್ನು ಪರೀಕ್ಷಿಸಿಕೊಳ್ಳಿ, ಇದಕ್ಕೂ ಖರ್ಚಿಲ್ಲ. ಚೆಂಡು ಎಡ ಹಿಮ್ಮಡಿಯ ನೇರಕ್ಕೆ ಇರಬೇಕು. ಟೀ (ಚೆಂಡು ಕೂರಿಸುವ ಗೂಟ) ಎತ್ತರ, ಡ್ರೈವರ್ ನೆಲಕ್ಕಿಟ್ಟಾಗ ಅರ್ಧ ಚೆಂಡು ಅದರ ಮೇಲಂಚಿಗಿಂತ ಮೇಲೆ ಕಾಣುವಷ್ಟು. ಎರಡು ಮುಕ್ಕಾಲು ಅಂಗುಲದ ಟೀ ಇದಕ್ಕೆ ಸಾಕಾಗುತ್ತದೆ, ಮ್ಯಾಟ್ ದಪ್ಪ ಇದ್ದರೆ ಮೂರು ಕಾಲು ಅಂಗುಲದ್ದು ಬೇಕು. ಕಾಲುಗಳ ಅಂತರ ಭುಜಕ್ಕಿಂತ ತುಸು ಹೆಚ್ಚು. ಬಲಗೈಯನ್ನು ಬಲತೊಡೆಯ ಮೇಲೆ ಮೊಣಕಾಲಿನ ಕಡೆ ಜಾರಿಸಿದರೆ ಬಲಭುಜ ತಾನಾಗಿ ತಗ್ಗುತ್ತದೆ. ಆ ಓರೆಯಲ್ಲೇ ಕ್ಲಬ್ ಹಿಡಿಯಿರಿ. ಕೆಳಗೆ ನೋಡಿದಾಗ ಎಡಗೈಯ ಎರಡರಿಂದ ಮೂರು ಬೆರಳ ಗೆಣ್ಣು ಕಾಣಬೇಕು. ಒಂದೇ ಕಂಡರೆ ಗ್ರಿಪ್ ತೀರ ಎಡಕ್ಕೆ ತಿರುಗಿದೆ, ಫೇಸ್ ತೆರೆಯುವುದು ಅದರಿಂದಲೇ. ಕ್ಲಬ್ ಅಂಗೈ ನಡುವೆ ಕೂರದೆ ಬೆರಳುಗಳ ಬುಡದಲ್ಲಿ ಕೂರಬೇಕು.

ಎಷ್ಟೋ ಜನರ ಸ್ಲೈಸ್ ಈ ಒಂದು ಪ್ಯಾರಾದಲ್ಲೇ ಅರ್ಧಕ್ಕೆ ಇಳಿಯುತ್ತದೆ. ಇಳಿಯದಿದ್ದವರು ಮುಂದೆ ಓದಿ.

ಎದುರಾಎದುರು ಕೋಚ್

ತಪ್ಪು ಬೇಗ ತಿಳಿಯುವ ಲೆಕ್ಕದಲ್ಲಿ ಇದಕ್ಕೆ ಸರಿಸಾಟಿ ಇಲ್ಲ. ಕೋಚ್ ಒಂದು ಮಾತು ಹೇಳುತ್ತಾರೆ, ಮುಂದಿನ ಚೆಂಡಿನಲ್ಲೇ ಫಲ ಕಾಣುತ್ತದೆ, ತಪ್ಪಾದರೆ ಕೈ ಹಿಡಿದು ತಿದ್ದುತ್ತಾರೆ. ತೊಂದರೆ ಇರುವುದು ದೂರದಲ್ಲಿ. ಬೆಳಗಾವಿ ಧಾರವಾಡದಿಂದ ಸುಮಾರು 75 ಕಿಲೋಮೀಟರ್, ಹುಬ್ಬಳ್ಳಿಯಿಂದ ನೂರರ ಹತ್ತಿರ. ಅಲ್ಲಿನ ಗಾಲ್ಫ್ ಮೈದಾನ ಸೇನೆಯದು. ಹೊರಗಿನವರಿಗೆ ಪ್ರವೇಶ, ಕೋಚ್ ಸಿಗುವ ದಿನ ಎಲ್ಲವನ್ನೂ ಫೋನ್ ಮಾಡಿ ಖಾತ್ರಿಪಡಿಸಿಕೊಂಡೇ ಹೊರಡಬೇಕು. ಬೆಂಗಳೂರು ಹುಬ್ಬಳ್ಳಿಯಿಂದ ನಾನೂರು ಕಿಲೋಮೀಟರ್ ಮೇಲೆ. 1876ರಲ್ಲಿ ಶುರುವಾದ ಬೆಂಗಳೂರು ಗಾಲ್ಫ್ ಕ್ಲಬ್, ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಎರಡೂ ಸದಸ್ಯರ ಕ್ಲಬ್‌ಗಳು. ನಿಮ್ಮ ಊರಿನ ಕ್ಲಬ್ಬಿಗೆ ಅಲ್ಲಿ ಒಡಂಬಡಿಕೆ ಇದೆಯೇ ಕೇಳಿ, ಇಲ್ಲವಾದರೆ ಪರಿಚಯದ ಸದಸ್ಯರೊಬ್ಬರ ಅತಿಥಿಯಾಗಿ ಹೋಗಬೇಕಾಗುತ್ತದೆ.

ಬೆಂಗಳೂರಿಗೆ ಹೋಗುವವರು ಮಾಡುವ ದೊಡ್ಡ ತಪ್ಪೆಂದರೆ ಶನಿವಾರ-ಭಾನುವಾರ ಎರಡೇ ದಿನದಲ್ಲಿ ಐದು ಪಾಠ ಮುಗಿಸುವುದು. ಎರಡನೇ ದಿನ ಮಧ್ಯಾಹ್ನಕ್ಕೆ ಮೈ ಸೋತಿರುತ್ತದೆ, ತಲೆಯಲ್ಲಿ ಏಳೆಂಟು ಸೂಚನೆ ತುಂಬಿರುತ್ತವೆ, ಊರಿಗೆ ಬಂದು ವಾರವಾದ ಮೇಲೆ ಒಂದೂ ನೆನಪಿರುವುದಿಲ್ಲ. ಹೋದ ದಿನ ಒಂದು, ಮರುದಿನ ಬೆಳಿಗ್ಗೆ ಒಂದು, ಹೀಗೆ ಎರಡೇ ಪಾಠ ತೆಗೆದುಕೊಳ್ಳಿ. ನಡುವಿನ ಸಂಜೆ ಒಬ್ಬರೇ ಐವತ್ತು ಚೆಂಡು ಹೊಡೆಯಿರಿ. ಆರು ವಾರ ಊರಲ್ಲಿ ಅಭ್ಯಾಸ ಮಾಡಿ ಮತ್ತೆ ಎರಡು ಪಾಠಕ್ಕೆ ಹೋಗಿ. ಓಡಾಟದ ಖರ್ಚು ಹೆಚ್ಚಾಗುತ್ತದೆ, ಆದರೆ ಕಲಿತದ್ದು ಉಳಿಯುತ್ತದೆ.

ಕೋಚ್ ಆರಿಸುವಾಗ ನಾಲ್ಕು ಮಾತು ಕೇಳಿ. ನ್ಯಾಷನಲ್ ಗಾಲ್ಫ್ ಅಕಾಡೆಮಿ ಆಫ್ ಇಂಡಿಯಾದ ಪ್ರಮಾಣಪತ್ರ ಇದೆಯೇ? ಪಾಠದ ಕೊನೆಗೆ ನಿಮ್ಮ ಫೋನಿನಲ್ಲೇ ಅಭ್ಯಾಸದ ವಿಡಿಯೋ ಮಾಡಿಕೊಡುತ್ತಾರೆಯೇ? ಲಾಂಚ್ ಮಾನಿಟರ್ (ಚೆಂಡಿನ ವೇಗ, ಸುತ್ತು ಅಳೆಯುವ ಯಂತ್ರ) ಇದ್ದರೆ ಅಂಕಿಗಳನ್ನು ಕೊಡುತ್ತಾರೆಯೇ? ಊರಿಗೆ ಹೋದ ಮೇಲೆ ನೀವು ಕಳಿಸುವ ವಿಡಿಯೋ ನೋಡುತ್ತಾರೆಯೇ? ನಮ್ಮಂಥ ದೂರದವರಿಗೆ ಕೊನೆಯ ಪ್ರಶ್ನೆಯೇ ಮುಖ್ಯ. ಅದಕ್ಕೆ ಒಪ್ಪದ ಕೋಚ್ ಎಷ್ಟೇ ಹೆಸರುವಾಸಿಯಾದರೂ ನಮಗೆ ಅರ್ಧ ಉಪಯೋಗ.

ಆನ್‌ಲೈನ್ ಪಾಠ

ಹಾವೇರಿಯಿಂದ, ಗದಗಿನಿಂದ ಪ್ರಯಾಣ ಮಾಡಲು ಆಗದವರಿಗೆ ಇದು ನಿಜವಾಗಿಯೂ ಒಳ್ಳೆಯ ದಾರಿ. ಆದರೆ ಎರಡು ಕೊರತೆ ಮೊದಲೇ ತಿಳಿದಿರಲಿ. ಉತ್ತರ ಬರುವಷ್ಟರಲ್ಲಿ ಒಂದೆರಡು ದಿನ ಕಳೆದು ಅದೇ ತಪ್ಪನ್ನು ನೂರು ಸಲ ಮಾಡಿರುತ್ತೀರಿ. ಎರಡನೆಯದು, ಗ್ರಿಪ್ಪಿನ ಬಿಗಿ ಕ್ಯಾಮೆರಾಗೆ ಕಾಣುವುದಿಲ್ಲ.

ಇದರ ಗುಣಮಟ್ಟ ನಿಂತಿರುವುದು ನೀವು ಕಳಿಸುವ ವಿಡಿಯೋ ಮೇಲೆ. ಫೋನನ್ನು ಸ್ಟ್ಯಾಂಡಿಗೆ ಹಾಕಿ, ಸೊಂಟದ ಎತ್ತರಕ್ಕೆ ಇಡಿ. ಹಿಂದಿನಿಂದ ತೆಗೆಯುವಾಗ ಕ್ಯಾಮೆರಾ ನಿಮ್ಮ ಕೈಗಳ ನೇರಕ್ಕೆ ಇದ್ದು, ಗುರಿಯ ಗೆರೆಗೆ ಸಮಾನಾಂತರವಾಗಿ ನೋಡಬೇಕು. ಒಂದು ಅಡಿ ಅತ್ತಿತ್ತ ಸರಿದರೂ ಹೊರಗಿನಿಂದ ಬರುವ ಹಾದಿ ಒಳಗಿನಿಂದ ಬಂದಂತೆ ಕಂಡು ಕೋಚ್‌ನ ಕಣ್ಣು ತಪ್ಪಿಸುತ್ತದೆ. ನೆಲದ ಮೇಲೆ ಗುರಿಯ ಕಡೆಗೆ ಒಂದು ನೆಟ್ಟಗಿನ ಕೋಲು ಇಟ್ಟರೆ ಈ ಗೊಂದಲ ತಪ್ಪುತ್ತದೆ. ಎದುರಿನಿಂದ ತೆಗೆಯುವಾಗ ಕ್ಯಾಮೆರಾ ನಿಮ್ಮ ಎದೆಗೆ ನೇರ ಇರಲಿ. ಸ್ಲೋ ಮೋಷನ್ 240 ಫ್ರೇಮ್‌ಗೆ ಹಾಕಿ, ಬಿಸಿಲು ಚೆನ್ನಾಗಿರುವಾಗ ತೆಗೆಯಿರಿ. ಮಬ್ಬು ಬೆಳಕಿನಲ್ಲಿ ಕ್ಲಬ್ಬಿನ ತಲೆ ಬರೀ ಗೆರೆಯಂತೆ ಮೂಡುತ್ತದೆ. ಜೊತೆಗೆ ಫೇಸಿನ ಗುರುತಿನ ಫೋಟೋ, ಚೆಂಡು ಎತ್ತ ಹೊರಟು ಎತ್ತ ಬಾಗಿತು ಎಂಬ ಒಂದು ಸಾಲು ಕಳಿಸಿ. ಚೆನ್ನಾಗಿ ಬಂದ ಸ್ವಿಂಗ್ ಒಂದನ್ನೇ ಆರಿಸಿ ಕಳಿಸಬೇಡಿ, ಸಾಲಾಗಿ ಹೊಡೆದ ಮೂರನ್ನು ಕಳಿಸಿ.

ಕೋಚ್ ಇಲ್ಲದೆ ಬರೀ ಯೂಟ್ಯೂಬ್ ನೋಡಿ ಕಲಿಯುವುದು ಬೇರೆ ವಿಷಯ. ಅಲ್ಲಿ ಹೇಳುವುದು ಬಹಳ ಸಲ ತಪ್ಪಿರುವುದಿಲ್ಲ, ಆದರೆ ನಿಮ್ಮ ತಪ್ಪಿಗೆ ಹೇಳಿದ್ದಾಗಿರುವುದಿಲ್ಲ. ಫೇಸ್ ತೆರೆದಿರುವವರು ಹಾದಿ ತಿದ್ದುವ ವಿಡಿಯೋ ನೋಡಿ ಅಭ್ಯಾಸ ಮಾಡಿದರೆ, ಮೊದಲು ನಡುಗಡೆಗೆ ಬಂದು ಬೀಳುತ್ತಿದ್ದ ಚೆಂಡು ಈಗ ನೆಟ್ಟಗೆ ಬಲಕ್ಕೇ ಹೋಗುತ್ತದೆ. ಐವತ್ತು ದಾಟಿದವರು ಇನ್ನೊಂದು ಎಚ್ಚರ ವಹಿಸಬೇಕು. ಸೊಂಟ ನಿಲ್ಲಿಸಿ ಭುಜ ಮಾತ್ರ ತಿರುಗಿಸಿ ಎನ್ನುವ ಸಲಹೆ ಬೆನ್ನಿನ ಕೆಳಭಾಗಕ್ಕೆ ಭಾರ. ಹಿಂದಕ್ಕೆ ತಿರುಗುವಾಗ ಎಡ ಹಿಮ್ಮಡಿ ನೆಲ ಬಿಡಲಿ, ಸೊಂಟವೂ ತಿರುಗಲಿ.

ಮನೆಯ ನೆಟ್

ವಾರಕ್ಕೆ ಮೂರು ಸಲ ಎಂಬ ಅಳತೆಗೆ ಹೊಂದುವುದು ಇದೊಂದೇ. ಚೆಂಡಿನ ಹಾರಾಟ ಮಾತ್ರ ಕಾಣುವುದಿಲ್ಲ. ಹಾಗಾಗಿ ನೆಟ್ ಕಲಿಸುವುದಿಲ್ಲ, ಕಲಿತದ್ದನ್ನು ಗಟ್ಟಿ ಮಾಡುತ್ತದೆ. ಪಾಠವಿಲ್ಲದೆ ಬರೀ ನೆಟ್ಟಿಗೆ ಹೊಡೆದರೆ ಗಟ್ಟಿಯಾಗುವುದು ತಪ್ಪೇ.

ಕಟ್ಟುವುದಾದರೆ ಅಗಲ, ಎತ್ತರ ಎರಡೂ ಮೂರು ಮೀಟರಿಗೆ ಕಡಿಮೆ ಬೇಡ. ಮೇಲೆ ಚಾವಣಿ ಇದ್ದರೆ ಅದೂ ಮೂರು ಮೀಟರ್ ಇರಲಿ, ಮೊದಲು ನಿಧಾನಕ್ಕೆ ಕ್ಲಬ್ ತಿರುಗಿಸಿ ಎಲ್ಲೂ ತಾಗುವುದಿಲ್ಲ ಎಂದು ನೋಡಿಕೊಳ್ಳಿ. ಚೆಂಡಿನಿಂದ ನೆಟ್ಟಿಗೆ ಎರಡೂವರೆಯಿಂದ ಮೂರು ಮೀಟರ್ ಅಂತರ. ಕ್ರಿಕೆಟ್ ನೆಟ್ಟಿನ ಕಣ್ಣು ದೊಡ್ಡದು. ಗಾಲ್ಫ್ ಚೆಂಡಿನ ವ್ಯಾಸ ಬರೀ 42.67 ಮಿಲಿಮೀಟರ್, ಅದರಲ್ಲಿ ತೂರಿಬಿಡುತ್ತದೆ. ಸಣ್ಣ ಕಣ್ಣಿನ, ಗಂಟಿಲ್ಲದ ನೈಲಾನ್ ನೆಟ್ ಕೇಳಿ ತನ್ನಿ. ಅದನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಚೆಂಡು ಮುಖಕ್ಕೇ ವಾಪಸು ಬರುತ್ತದೆ, ಕೆಳಗಡೆ ಸಡಿಲ ಬಿಡಿ. ನೆಟ್ಟಿನ ಹಿಂದೆ ಒಂದಡಿ ಬಿಟ್ಟು ಹಳೇ ಕಂಬಳಿಯನ್ನು ಮೇಲಿನ ಅಂಚಿಗೆ ಮಾತ್ರ ಕಟ್ಟಿ ಇಳಿಬಿಟ್ಟರೆ ಅದು ಪೆಟ್ಟನ್ನು ಹೀರಿಕೊಳ್ಳುತ್ತದೆ, ಸದ್ದೂ ಕಡಿಮೆ. ನಮ್ಮ ಬಿಸಿಲಿಗೆ ನೈಲಾನ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ತಿಂಗಳಿಗೊಮ್ಮೆ ಚೆಂಡು ಬಡಿಯುವ ಜಾಗದ ಎಳೆಗಳನ್ನು ಬೆರಳಿಂದ ಎಳೆದು ನೋಡಿ, ಏಪ್ರಿಲ್-ಮೇನಲ್ಲಿ ಹೊಡೆಯದಿದ್ದಾಗ ಮಡಚಿ ಒಳಗಿಡಿ.

ನೆಟ್ಟಿನಲ್ಲಿ ಮಾಡಬೇಕಾದ ಅಭ್ಯಾಸ ಎರಡು. ಹೊರಗಿನಿಂದ ಕೊಯ್ಯುವವರು ಖಾಲಿ ರಟ್ಟಿನ ಡಬ್ಬಿಯೊಂದನ್ನು ಚೆಂಡಿನ ಆಚೆ ಬದಿಗೆ, ಒಂದಡಿ ಹಿಂದೆ ಇಡಿ. ಕ್ಲಬ್ ತಪ್ಪು ಹಾದಿಯಲ್ಲಿ ಬಂದರೆ ಡಬ್ಬಿಗೆ ಬಡಿಯುತ್ತದೆ. ಚೆಂಡನ್ನು ಮೇಲಿನಿಂದ ಕೆಳಕ್ಕೆ ಕುಕ್ಕುವವರು ಅದೇ ಡಬ್ಬಿಯನ್ನು ಚೆಂಡಿನ ಒಂದಡಿ ಮುಂದಕ್ಕೆ ಇಡಿ. ಡ್ರೈವರ್ ಮೇಲೇರುತ್ತ ತಾಗಿದ್ದರೆ ಡಬ್ಬಿ ಉಳಿಯುತ್ತದೆ. ಮೊದಲ ಹತ್ತು ಅರ್ಧ ವೇಗದಲ್ಲಿ, ಆಮೇಲಿನ ಇಪ್ಪತ್ತು ಮುಕ್ಕಾಲು ವೇಗದಲ್ಲಿ, ಕೊನೆಯ ಹತ್ತು ಪೂರ್ತಿ. ಪ್ರತಿ ಚೆಂಡಿಗೂ ಹಿಂದೆ ಸರಿದು ಮತ್ತೆ ನಿಲುವು ಹಿಡಿಯಿರಿ. ಫೇಸಿನ ಗುರುತು ಮಾತ್ರ ತಪ್ಪದೆ ನೋಡುತ್ತಿರಿ, ನೆಟ್ಟಿನಲ್ಲಿ ಸುಳ್ಳು ಹೇಳದ ಸಾಕ್ಷಿ ಅದೊಂದೇ. ಸಣ್ಣ ರಾಡಾರ್ ಲಾಂಚ್ ಮಾನಿಟರ್ ಇಟ್ಟುಕೊಂಡವರು ಚೆಂಡಿನ ವೇಗವನ್ನು ನಂಬಬಹುದು. ಮೂರು ಮೀಟರಿನಲ್ಲಿ ನಿಂತುಹೋದ ಚೆಂಡಿನ ಸುತ್ತು, ದೂರ ಮಾತ್ರ ಅಂದಾಜು.

ಕೊಯ್ಲಾದ ಎರಿ ಹೊಲದಲ್ಲಿ ಹೊಡೆಯೋಣ ಎಂದು ಹಲವರಿಗೆ ಅನ್ನಿಸುತ್ತದೆ. ಹಾರಾಟ ಪೂರ್ತಿ ಕಾಣುವುದು ಅದರ ದೊಡ್ಡ ಲಾಭ. ಆದರೆ ಮುಂದಕ್ಕೆ ಮುನ್ನೂರು ಮೀಟರ್, ಬಲಕ್ಕೆ ನೂರು ಮೀಟರ್ ಯಾರೂ ಓಡಾಡದ ಜಾಗ ಬೇಕು. ದನ ಮೇಯಿಸುವವರು, ಬೈಕ್ ಹಾದಿ, ಪಂಪ್‌ಸೆಟ್ ಮನೆ ಇದ್ದರೆ ಬೇಡವೇ ಬೇಡ. 46 ಗ್ರಾಂ ಚೆಂಡು ತಲೆಗೆ ಬಡಿದರೆ ಜೀವಕ್ಕೆ ಅಪಾಯ. ಬೇಸಿಗೆಯಲ್ಲಿ ಎರಿ ನೆಲ ಬಿರುಕು ಬಿಟ್ಟು ಕಾಲು ಹೊರಳುತ್ತದೆ, ಮಳೆಗಾಲದಲ್ಲಿ ಅಂಟು ಮಣ್ಣಿನಲ್ಲಿ ಕಾಲು ತಿರುಗದೆ ಮೊಣಕಾಲಿಗೆ ಎಳೆತ ಬೀಳುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಗದಗ ಕಡೆ ಗಾಳಿಯಂತ್ರಗಳನ್ನು ತಿರುಗಿಸುವ ಪಡುವಣ ಗಾಳಿಗೆ ಎದುರಾಗಿ ಹೊಡೆದರೆ ಚಿಕ್ಕ ಸ್ಲೈಸೂ ದೊಡ್ಡದಾಗಿ ಕಾಣುತ್ತದೆ. ಆ ದಿನಗಳಲ್ಲಿ ಕಂಡದ್ದನ್ನು ನೋಡಿ ಸ್ವಿಂಗ್ ಬದಲಿಸಬೇಡಿ.

ಹೊಸ ಡ್ರೈವರ್

ಹೆಸರಾಂತ ಬ್ರ್ಯಾಂಡಿನ ಹೊಸ ಮಾದರಿಗೆ ಹತ್ತಾರು ಸಾವಿರ ರೂಪಾಯಿ ಬೀಳುತ್ತದೆ. ಹಾದಿಯ ದೋಷವನ್ನು ಯಾವ ಡ್ರೈವರೂ ತಿದ್ದುವುದಿಲ್ಲ. ಆದರೆ ಮೈಗೆ ಹೊಂದದ ಕ್ಲಬ್ ಒಳ್ಳೆಯ ಸ್ವಿಂಗನ್ನೂ ಕೆಡಿಸುತ್ತದೆ ಎನ್ನುವುದೂ ನಿಜ. ಕ್ಲಬ್ಬಿನ ತಲೆಯ ವೇಗ ಗಂಟೆಗೆ 90 ಮೈಲಿಗಿಂತ ಕಡಿಮೆ ಇರುವವರು 9 ಡಿಗ್ರಿ ಲಾಫ್ಟ್ (ಫೇಸ್ ಹಿಂದಕ್ಕೆ ಓರೆಯಾಗಿರುವ ಕೋನ), ಸ್ಟಿಫ್ (ಕಡಿಮೆ ಬಾಗುವ) ಶಾಫ್ಟ್ ಹಿಡಿದಿದ್ದರೆ ಬದಲಿಸುವುದು ನ್ಯಾಯವೇ, ಅವರಿಗೆ 10.5ರಿಂದ 12 ಡಿಗ್ರಿ, ಹೆಚ್ಚು ಬಾಗುವ ರೆಗ್ಯುಲರ್ ಅಥವಾ ಸೀನಿಯರ್ ಶಾಫ್ಟ್ ಸರಿ. ಲಾಫ್ಟ್ ಹೆಚ್ಚಿದಷ್ಟೂ ಹಿಂಸುತ್ತಿನ ಪಾಲು ಹೆಚ್ಚಿ ಚೆಂಡು ಪಕ್ಕಕ್ಕೆ ಬಾಗುವುದು ಕಡಿಮೆಯಾಗುತ್ತದೆ.

ಕೊಳ್ಳುವ ಮೊದಲು ಅಗ್ಗದ ಮೂರು ಪ್ರಯೋಗ ಮಾಡಿ. ಇರುವ ಡ್ರೈವರನ್ನೇ ಒಂದು ಅಂಗುಲ ಕೆಳಗೆ ಹಿಡಿಯಿರಿ. ಸಾಮಾನ್ಯ ಡ್ರೈವರ್ 45 ಅಂಗುಲದ ಮೇಲಿರುತ್ತದೆ, ಗಿಡ್ಡವಾದಷ್ಟೂ ಫೇಸಿನ ನಡುವೆ ತಾಗುವುದು ಸುಲಭ. ಕತ್ತಿನಲ್ಲಿ ಹೊಂದಿಸುವ ತಿರುಪು ಇದ್ದರೆ ಲಾಫ್ಟ್ ಒಂದು ಹೆಜ್ಜೆ ಏರಿಸಿ, ಫೇಸೂ ತುಸು ಮುಚ್ಚಿಕೊಳ್ಳುತ್ತದೆ. ಗ್ರಿಪ್ ಮುಟ್ಟಿ ನೋಡಿ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಇಟ್ಟ ಕ್ಲಬ್ಬಿನ ರಬ್ಬರ್ ಒಣಗಿ ನುಣುಪಾಗುತ್ತದೆ, ಅದನ್ನು ಬಿಗಿಯಾಗಿ ಹಿಡಿದು ಹಿಡಿದು ಮಣಿಕಟ್ಟು ತಿರುಗದೆ ಫೇಸ್ ತೆರೆದೇ ಉಳಿಯುತ್ತದೆ. ಹೊಸ ಗ್ರಿಪ್ ಹಾಕಿಸುವುದು ಡ್ರೈವರಿನ ಬೆಲೆಯ ಮುಂದೆ ಏನೂ ಅಲ್ಲ. ಹಳೆಯದನ್ನು ಕೊಳ್ಳುವವರು ಶಾಫ್ಟ್ ತಲೆಗೆ ಸೇರುವ ಜಾಗದಲ್ಲಿ ಬಿರುಕು, ಅಲ್ಲಾಡಿಸಿದಾಗ ಒಳಗೆ ಸದ್ದು, ಫೇಸಿನಲ್ಲಿ ಕೂದಲೆಳೆ ಗೆರೆ ಇದೆಯೇ ನೋಡಿ.

ಯಾರಿಗೆ ಯಾವುದು

ಭಾನುವಾರ ಮಾತ್ರ ಬಿಡುವಿರುವ ಹುಬ್ಬಳ್ಳಿಯ ವೈದ್ಯರು, ವ್ಯಾಪಾರಸ್ಥರಿಗೆ: ಆರು ವಾರಕ್ಕೊಮ್ಮೆ ಎರಡು ಎದುರಾಎದುರು ಪಾಠ, ನಡುವೆ ರಾತ್ರಿ ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ ನೆಟ್. ಹೊಸ ಡ್ರೈವರ್ ಮೂರನೇ ಸುತ್ತಿನ ಪಾಠದ ಮೇಲೆ, ಕೋಚ್ ಹೇಳಿದರೆ ಮಾತ್ರ.

ಕೈ ಬಿಗಿ ಇರುವ ವಿದ್ಯಾರ್ಥಿಗಳು, ಹೊಸ ನೌಕರರು ನೆಟ್ ಮತ್ತು ಆನ್‌ಲೈನ್ ಕೋಚ್ ಜೋಡಿಸಿಕೊಳ್ಳಿ. ಮೊದಲ ಒಂದು ಪಾಠವನ್ನಾದರೂ ಎದುರಿಗೇ ತೆಗೆದುಕೊಂಡರೆ ಗ್ರಿಪ್ ಸರಿಹೋಗುತ್ತದೆ, ಉಳಿದದ್ದು ಫೋನಿನಲ್ಲಿ ನಡೆಯುತ್ತದೆ.

ನಿವೃತ್ತರಿಗೆ ಸಮಯವಿದೆ, ಮೈ ಬಗ್ಗೆ ಎಚ್ಚರ ಬೇಕು. ಬೆಳಗಾವಿಯಲ್ಲಿ ವ್ಯವಸ್ಥೆ ಆದರೆ ಹದಿನೈದು ದಿನಕ್ಕೊಮ್ಮೆ ಹೋಗಿಬರುವುದು ಎಲ್ಲಕ್ಕಿಂತ ಒಳ್ಳೆಯದು. ಇವರಿಗೆ ಹಗುರ ಶಾಫ್ಟಿನ ಕ್ಲಬ್ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, ಆ ಖರ್ಚನ್ನು ಮುಂದೂಡಬೇಕಿಲ್ಲ.

ಮುಂದಿನ ತಿಂಗಳು ಟೂರ್ನಮೆಂಟ್ ಇದೆ ಎನ್ನುವವರು ಈಗ ಸ್ವಿಂಗ್ ಮುಟ್ಟಬೇಡಿ. 15 ಡಿಗ್ರಿಯ 3-ವುಡ್ (ಡ್ರೈವರಿಗಿಂತ ಗಿಡ್ಡ ಕ್ಲಬ್) ಟೀ ಮೇಲೆ ಇಟ್ಟು ಹೊಡೆಯಿರಿ. ಇಪ್ಪತ್ತು ಗಜ ಕಡಿಮೆ ಹೋಗುತ್ತದೆ, ಆದರೆ ಕತ್ತರಿಸಿದ ಹುಲ್ಲಿನ ಹಾದಿಯ (ಫೇರ್‌ವೇ) ನಡುವೆ ಇರುತ್ತದೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅಲ್ಲಿ ಆಡಿದವರಲ್ಲಿ ಡ್ರೈವರ್ ದೂರದ ಲೆಕ್ಕದಲ್ಲಿ ಕೊನೆಯ ಸಾಲಿನವರು. ಅವರನ್ನು ಪದಕದ ಹತ್ತಿರಕ್ಕೆ ಒಯ್ದದ್ದು ಪಟರ್. ದೂರ ಸಾಲದು ಎಂದು ಕೊರಗುವವರು ಮೊದಲು ತಮ್ಮ ಸ್ಕೋರ್ ಕಾರ್ಡಿನಲ್ಲಿ ಹೊಡೆತಗಳು ಎಲ್ಲಿ ಹೋಗುತ್ತಿವೆ ಎಂದು ಎಣಿಸಿ ನೋಡಬೇಕು.

ಯಾವ ದಾರಿ ಹಿಡಿದರೂ ಮೊದಲ ದಿನವೇ ಒಂದು ಪರೀಕ್ಷೆ ಮಾಡಿಟ್ಟುಕೊಳ್ಳಿ. ರೇಂಜಿನಲ್ಲಿ, ಅಂದರೆ ಅಭ್ಯಾಸದ ಮೈದಾನದಲ್ಲಿ, ಮೂವತ್ತು ಮೀಟರ್ ಅಂತರದ ಎರಡು ಗುರುತು ಹಿಡಿದು ಇಪ್ಪತ್ತು ಚೆಂಡು ಹೊಡೆದು, ಎಷ್ಟು ಅವುಗಳ ನಡುವೆ ಬಿದ್ದವು ಎಂದು ಬರೆಯಿರಿ. ಪಾಠ ಶುರುವಾದ ಎರಡು-ಮೂರು ವಾರ ಈ ಸಂಖ್ಯೆ ಇಳಿಯಬಹುದು, ಹೊಸ ಗ್ರಿಪ್ ಕೈಗೆ ಒಗ್ಗುವವರೆಗೆ ಅದು ಸಹಜ, ಅಲ್ಲಿ ಕೈಬಿಡಬೇಡಿ. ನಾಲ್ಕು ಪಾಠ, ಎರಡು ತಿಂಗಳ ಅಭ್ಯಾಸ ಆದ ಮೇಲೂ ಮೊದಲಿನ ಸಂಖ್ಯೆಗಿಂತ ಏರದಿದ್ದರೆ ಆ ಕಾಗದವನ್ನೇ ಕೋಚ್ ಮುಂದಿಟ್ಟು ಮಾತಾಡಿ. ಅವರು ಫೇಸಿನ ಗುರುತು, ಹಾರಾಟ ಎರಡನ್ನೂ ಮತ್ತೆ ನೋಡಿ ಯೋಜನೆ ಬದಲಿಸಿದರೆ ಅವರಲ್ಲೇ ಮುಂದುವರಿಯಿರಿ. ಇನ್ನೂ ಹತ್ತು ಪಾಠದ ಪ್ಯಾಕೇಜ್ ತೆಗೆದುಕೊಳ್ಳಿ ಎಂದಷ್ಟೇ ಹೇಳಿದರೆ ಬೇರೆ ಕೋಚ್ ಹುಡುಕಿ.